ಸೂಜಿಗೆ ಸೂಜಿಯೋ, ಬೇಕಾದಷ್ಟು ಸೂಜಿಯೋ? ಸಿರಿಂಜು ವಿನಿಮಯದ ಯಾವ ಮಾದರಿ ಎಲ್ಲಿಗೆ ಸರಿ

1989ರ ಸೆಪ್ಟೆಂಬರ್‌ನಲ್ಲಿ ಮಣಿಪುರದಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರ ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಒಬ್ಬರಲ್ಲೂ ಸಿಕ್ಕಿರಲಿಲ್ಲ. ಆರೇ ತಿಂಗಳಲ್ಲಿ, ಪರೀಕ್ಷೆಗೆ ಸಿಕ್ಕವರಲ್ಲಿ ಅರ್ಧದಷ್ಟು ಜನಕ್ಕೆ ಸೋಂಕು ತಗುಲಿತ್ತು. ಗಡಿಯಾಚೆಯ ಮ್ಯಾನ್ಮಾರ್‌ನಿಂದ ಬರುವ ಹೆರಾಯಿನ್, ಅಲ್ಲಿನವರ ಬಾಯಲ್ಲಿ 'ನಂಬರ್ ಫೋರ್', ಸಲೀಸಾಗಿ ಸಿಗುತ್ತಿತ್ತು. ಆದರೆ ಹೊಸ ಸಿರಿಂಜನ್ನು ಜೇಬಿನಲ್ಲಿಟ್ಟುಕೊಂಡು ಓಡಾಡೋಕೆ ಭಯ. ಹೀಗಾಗಿ ಒಂದೇ ಸೂಜಿ ಹಲವು ಕೈ ದಾಟುತ್ತಿತ್ತು. ಬೇರೆ ದಾರಿಗಳಲ್ಲಿ ವರ್ಷಗಟ್ಟಲೆ ಹಿಡಿಯುವ ಸೋಂಕು ಸೂಜಿಯ ದಾರಿಯಲ್ಲಿ ತಿಂಗಳುಗಳಲ್ಲೇ ಹರಡಿಬಿಡುತ್ತದೆ.

ಭಾರತದಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂದು 2019ರಲ್ಲಿ ಹೊರಬಂದ ಏಮ್ಸ್ ಸಮೀಕ್ಷೆ ಅಂದಾಜು ಮಾಡಿತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ 2021ರ ಸಮೀಕ್ಷೆಯ ಪ್ರಕಾರ ಇವರಲ್ಲಿ ಎಚ್‌ಐವಿ ಪ್ರಮಾಣ ಶೇ. 9ರಷ್ಟು. ದೇಶದ ವಯಸ್ಕರಲ್ಲಿ ಒಟ್ಟಾರೆ ಅದು ಶೇ. 0.2ರ ಆಸುಪಾಸು ಇದೆ. ಒಬ್ಬರ ಸೂಜಿ ಇನ್ನೊಬ್ಬರು ಬಳಸದಂತೆ ಇವರಿಗೆ ಹೊಸ ಸಿರಿಂಜು ಕೊಡಬೇಕೋ ಬೇಡವೋ ಅನ್ನೋ ಚರ್ಚೆ ನನ್ನ ಮಟ್ಟಿಗೆ ಮುಗಿದಿದೆ. ಹೇಗೆ ಕೊಡಬೇಕು, ಯಾರು ಕೊಡಬೇಕು, ಜೊತೆಗೆ ಏನಿರಬೇಕು ಅನ್ನೋದು ಮಾತ್ರ ಊರಿಂದೂರಿಗೆ ಬದಲಾಗುತ್ತದೆ. ಜಿಲ್ಲಾ ಮಟ್ಟದಲ್ಲಿ ಯೋಜನೆ ರೂಪಿಸುವವರು, ಎನ್‌ಜಿಒಗಳಲ್ಲಿ ದುಡಿಯುವವರು, ಸಮಾಜಕಾರ್ಯ ಮತ್ತು ನರ್ಸಿಂಗ್ ಓದುವವರು ಇದನ್ನು ಕೈಯಲ್ಲಿಟ್ಟುಕೊಂಡು ಮಾದರಿಗಳನ್ನು ಹೋಲಿಸಿ ನೋಡಬಹುದು.

ಯಾವುದರಿಂದ ಅಳೆಯಬೇಕು

ಮೊದಲು ಅಳತೆಗೋಲು ಸರಿ ಮಾಡಿಕೊಳ್ಳೋಣ. ಎಷ್ಟು ಸಿರಿಂಜು ಹಂಚಿದೆವು, ಎಷ್ಟು ವಾಪಸ್ ಬಂತು ಅನ್ನೋ ಲೆಕ್ಕ ರಿಜಿಸ್ಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ವೈರಸ್ಸಿಗೆ ಆ ಲೆಕ್ಕ ಗೊತ್ತಿಲ್ಲ. ಒಬ್ಬ ವ್ಯಕ್ತಿ ಎಷ್ಟು ಸಲ ಚುಚ್ಚಿಕೊಂಡ, ಅದರಲ್ಲಿ ಎಷ್ಟು ಸಲ ಹೊಸ ಸಿರಿಂಜು ಕೈಯಲ್ಲಿತ್ತು ಅನ್ನೋದೇ ಮುಖ್ಯ. ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಹಲವರಿಗೆ ದಿನಕ್ಕೆ ಎರಡು ಮೂರು ಸಲ ಬೇಕಾಗುತ್ತದೆ. ವರ್ಷಕ್ಕೆ ಸಾವಿರದ ಹತ್ತಿರ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟುಕೊಂಡ ಗುರಿ ಒಬ್ಬರಿಗೆ ವರ್ಷಕ್ಕೆ 300 ಸಿರಿಂಜು. ಅದು ಪೂರ್ತಿ ಸಾಲುವ ಸಂಖ್ಯೆಯಲ್ಲ, ಅಷ್ಟಾದರೂ ತಲುಪಲಿ ಅನ್ನೋ ಮಟ್ಟ.

ಒಂದು ಸಲ ಚುಚ್ಚಿಕೊಳ್ಳುವಾಗ ಏನೇನು ನಡೆಯುತ್ತದೆ ಅಂತ ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೂವರು ಹಣ ಸೇರಿಸಿ ಒಂದು ಪೊಟ್ಟಣ ತರುತ್ತಾರೆ. ಚಮಚ ಅಥವಾ ಬಾಟಲಿ ಮುಚ್ಚಳದಲ್ಲಿ ನೀರು ಹಾಕಿ ಕರಗಿಸುತ್ತಾರೆ. ಚೂರು ಹತ್ತಿಯಲ್ಲಿ ಸೋಸುತ್ತಾರೆ. ಯಾರಿಗೂ ಮೋಸ ಆಗಬಾರದು ಅಂತ ಒಂದೇ ಸಿರಿಂಜಿನಲ್ಲಿ ಎಳೆದು, ಅದರ ಗೆರೆ ನೋಡಿ ಉಳಿದವರ ಸಿರಿಂಜಿಗೆ ಹಂಚುತ್ತಾರೆ. ಇಲ್ಲಿ ಮೂವರ ಕೈಯಲ್ಲೂ ಬೇರೆ ಬೇರೆ ಸೂಜಿ ಇದೆ. ಆದರೂ ಅಳೆದ ಸಿರಿಂಜು ಹಳೆಯದಾಗಿದ್ದರೆ ಮೂವರಿಗೂ ಒಬ್ಬರ ರಕ್ತ ಮುಟ್ಟುತ್ತದೆ. ಯಕೃತ್ತಿಗೆ ತಗುಲುವ ಹೆಪಟೈಟಿಸ್ ಸಿ ಸೋಂಕು ಹೀಗೂ ಹರಡುತ್ತದೆ. ಪ್ರಯೋಗಾಲಯದಲ್ಲಿ ಆ ವೈರಸ್ ಸಿರಿಂಜಿನೊಳಗೆ 63 ದಿನಗಳವರೆಗೆ ಜೀವಂತ ಉಳಿದದ್ದು ಕಂಡುಬಂದಿದೆ.

ಸಿರಿಂಜಿನ ಆಕಾರಕ್ಕೂ ಬೆಲೆ ಇದೆ. ಸೂಜಿ ಬಿಚ್ಚಿ ಹಾಕುವ ಸಿರಿಂಜಿನಲ್ಲಿ ಪಿಸ್ಟನ್ ಪೂರ್ತಿ ಒತ್ತಿದ ಮೇಲೂ ಸೂಜಿಯ ಬುಡದಲ್ಲಿ ಸ್ವಲ್ಪ ದ್ರವ ಉಳಿಯುತ್ತದೆ. ಸೂಜಿ ಅಂಟಿಕೊಂಡೇ ಬರುವ ಇನ್ಸುಲಿನ್ ಸಿರಿಂಜಿನಲ್ಲಿ ಉಳಿಯುವುದು ಅದರ ಹತ್ತಿಪ್ಪತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಉಳಿದ ದ್ರವದಲ್ಲೇ ರಕ್ತ ಇರುವುದು. ಹಾಗಾಗಿ 'ಸಿರಿಂಜು ಕೊಡುತ್ತೇವೆ' ಅನ್ನುವ ಯೋಜನೆಯನ್ನು ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಸಿರಿಂಜು?

ಸೂಜಿ ಕೊಟ್ಟರೆ ಸೂಜಿ

ಹಳೆಯದೊಂದು ತಂದರೆ ಹೊಸದೊಂದು ಕೊಡುವುದು ಎಲ್ಲರಿಗೂ ಸುಲಭವಾಗಿ ಒಪ್ಪಿಗೆಯಾಗುವ ಮಾದರಿ. ಆಮ್ಸ್ಟರ್‌ಡ್ಯಾಮ್‌ನಲ್ಲಿ 1984ರಲ್ಲಿ ಡ್ರಗ್ಸ್ ಬಳಸುವವರ ಸಂಘವೇ ಸಿರಿಂಜು ವಿನಿಮಯ ಶುರು ಮಾಡಿಸಿತು. ಆಗ ಅವರ ಚಿಂತೆ ಹೆಪಟೈಟಿಸ್ ಬಿ. ಊರೊಳಗಿನ ಒಂದು ಔಷಧ ಅಂಗಡಿ ಇವರಿಗೆ ಸಿರಿಂಜು ಮಾರೋದನ್ನು ನಿಲ್ಲಿಸಿತ್ತು. ಅಮೆರಿಕದ ಟಕೋಮಾದಲ್ಲಿ 1988ರಲ್ಲಿ ಡೇವ್ ಪರ್ಚೇಸ್ ಒಂದು ಪುಟ್ಟ ಟೇಬಲ್, ಮಡಚುವ ಕುರ್ಚಿ ಹಾಕಿಕೊಂಡು ಫುಟ್‌ಪಾತ್‌ನಲ್ಲಿ ಕೂತು ವಿನಿಮಯ ಆರಂಭಿಸಿದರು.

ಈ ಮಾದರಿಯ ಒಳ್ಳೆಯದು ಏನೆಂದರೆ, ಬಳಸಿದ ಸೂಜಿ ಬೀದಿಯಲ್ಲಿ ಬೀಳದೆ ಡಬ್ಬಿಗೆ ಬರುತ್ತದೆ. ನೆರೆಹೊರೆಯವರಿಗೆ ತೋರಿಸೋಕೆ ಲೆಕ್ಕ ಇರುತ್ತದೆ. ಯೋಜನೆಗೆ ವಿರೋಧ ಜೋರಾಗಿರುವ ಊರಲ್ಲಿ ಮೊದಲ ವರ್ಷ ಕಾಲೂರಲು ಇದು ದಾರಿ ಮಾಡಿಕೊಡಬಹುದು.

ಆದರೆ ಹಳೆ ಸೂಜಿ ಯಾರ ಬಳಿ ಇರುವುದಿಲ್ಲ ಅಂತ ಯೋಚಿಸಿ. ಬೀದಿಯಲ್ಲಿ ಮಲಗುವವರ ಬಳಿ ಇರುವುದಿಲ್ಲ. ನಿನ್ನೆ ಪೊಲೀಸರು ಜೇಬು ತಡಕಿದವರ ಬಳಿ ಇರುವುದಿಲ್ಲ. ಮನೆಯವರ ಕಣ್ಣಿಗೆ ಬೀಳಬಾರದು ಅಂತ ಚುಚ್ಚಿಕೊಂಡ ಕೂಡಲೇ ಚರಂಡಿಗೆ ಎಸೆದ ಹುಡುಗಿಯ ಬಳಿ ಇರುವುದಿಲ್ಲ. ಅಂದರೆ ಸೂಜಿಯ ಕೊರತೆ ಯಾರಿಗೆ ಜಾಸ್ತಿಯೋ ಅವರನ್ನೇ ಈ ನಿಯಮ ಬರಿಗೈಯಲ್ಲಿ ಕಳಿಸುತ್ತದೆ. ಅವರು ಇನ್ನೊಬ್ಬರ ಸೂಜಿ ತೆಗೆದುಕೊಳ್ಳುತ್ತಾರೆ.

ಕೆನಡಾದ ವ್ಯಾಂಕೂವರ್ ಇದಕ್ಕೆ ಕಣ್ಣೆದುರಿನ ಸಾಕ್ಷಿ. ದೊಡ್ಡ ವಿನಿಮಯ ಕೇಂದ್ರ ಇದ್ದರೂ 1990ರ ದಶಕದ ಕೊನೆಯಲ್ಲಿ ಅಲ್ಲಿ ಎಚ್‌ಐವಿ ಭುಗಿಲೆದ್ದಿತು. 'ನೋಡಿ, ಸಿರಿಂಜು ಕೊಟ್ಟರೂ ಪ್ರಯೋಜನ ಇಲ್ಲ' ಅಂತ ಹಲವರು ಅಂದರು. ಅಲ್ಲಿ ಕೊಕೇನ್ ಚುಚ್ಚಿಕೊಳ್ಳುವವರು ಜಾಸ್ತಿ ಇದ್ದರು, ಅವರಿಗೆ ದಿನಕ್ಕೆ ಹತ್ತಿಪ್ಪತ್ತು ಸೂಜಿ ಬೇಕಾಗುತ್ತಿತ್ತು. ಸೂಜಿಗೆ ಸೂಜಿ ಅನ್ನೋ ಮಿತಿಯನ್ನು ಸಡಿಲಿಸಿ, ಹಂಚುವ ಜಾಗ ಹೆಚ್ಚಿಸಿದ ಮೇಲೆ ಸೂಜಿ ಹಂಚಿಕೊಳ್ಳುವುದೂ ಹೊಸ ಸೋಂಕೂ ಎರಡೂ ಇಳಿದವು. ಅಮೆರಿಕದ ಪಶ್ಚಿಮ ವರ್ಜೀನಿಯಾ ಉಲ್ಟಾ ದಾರಿ ಹಿಡಿಯಿತು. ಚಾರ್ಲ್‌ಸ್ಟನ್ ನಗರದ ಯೋಜನೆ 2018ರಲ್ಲಿ ಮುಚ್ಚಿತು, ಕೆಲವೇ ವರ್ಷಗಳಲ್ಲಿ ಅಲ್ಲಿ ಎಚ್‌ಐವಿ ಏರಿತು. ಆಮೇಲೂ 2021ರಲ್ಲಿ ರಾಜ್ಯ ತಂದ ಕಾನೂನು ಗುರುತಿನ ಚೀಟಿ ಕೇಳಿತು, ಸೂಜಿಗೆ ಸೂಜಿ ಅಂತಲೇ ಬಿಗಿ ಮಾಡಿತು. ಜನರ ಜೀವ ಹೋಗುವ ವಿಷಯದಲ್ಲಿ ಇಂಥ ಹಟ ನೋಡಿದಾಗ ಸಂಕಟವಾಗುತ್ತದೆ.

ಬೇಕಾದಷ್ಟು ಕೊಡುವುದು

ಎರಡನೇ ಮಾದರಿಯಲ್ಲಿ ಬಂದವರನ್ನು 'ಎಷ್ಟು ಬೇಕು' ಅಂತ ಕೇಳಿ ಅಷ್ಟು ಕೊಡುತ್ತಾರೆ. ಕೇಂದ್ರಕ್ಕೆ ಬರಲಾರದ ಗೆಳೆಯರಿಗೂ ಸೇರಿಸಿ ಒಯ್ಯಬಹುದು. ಹಳೆಯದನ್ನು ತನ್ನಿ ಅಂತ ಕೇಳುತ್ತಾರೆ, ತರದಿದ್ದರೆ ವಾಪಸ್ ಕಳಿಸುವುದಿಲ್ಲ.

ಇದಕ್ಕೆ ಬರುವ ದೊಡ್ಡ ಆಕ್ಷೇಪ: ಬೀದಿ ತುಂಬಾ ಸೂಜಿ ಬೀಳುತ್ತದೆ, ಮಕ್ಕಳ ಕಾಲಿಗೆ ಚುಚ್ಚುತ್ತದೆ. ಈ ಭಯವನ್ನು ಸುಮ್ನೆ ತಳ್ಳಿಹಾಕಬಾರದು. ಪೌರಕಾರ್ಮಿಕರು ಬರಿಗೈಯಲ್ಲಿ ಕಸ ಎತ್ತುವ ನಮ್ಮ ಊರುಗಳಲ್ಲಿ ಇದು ನಿಜವಾದ ಅಪಾಯ. ಪರಿಹಾರ ಕೂಡ ಕಷ್ಟದ್ದಲ್ಲ. ಚುಚ್ಚದ ದಪ್ಪ ಪ್ಲಾಸ್ಟಿಕ್ ಡಬ್ಬಿ ಜೊತೆಗೇ ಕೊಡಬೇಕು. ಹಾಟ್‌ಸ್ಪಾಟ್‌ಗಳಲ್ಲಿ, ಅಂದರೆ ಚುಚ್ಚಿಕೊಳ್ಳುವವರು ಸೇರುವ ಜಾಗಗಳಲ್ಲಿ, ವಾರಕ್ಕೆ ಕೆಲವು ಸಲ ಸೂಜಿ ಹೆಕ್ಕುವ ಸುತ್ತು ಹಾಕಬೇಕು, ಉದ್ದದ ಚಿಮಟ ಹಿಡಿದು, ದಪ್ಪ ಕೈಗವಸು ಹಾಕಿಕೊಂಡು. ಬಂದದ್ದನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ವಿಲೇವಾರಿ ಮಾಡಬೇಕು. ಸೂಜಿ ಹಂಚುವ ಬಜೆಟ್‌ನಲ್ಲೇ ಹೆಕ್ಕುವ ಸಂಬಳವೂ ಇರಬೇಕು. ಅದಿಲ್ಲದ ಯೋಜನೆ ಅರ್ಧ ಯೋಜನೆ.

ಎರಡರಲ್ಲಿ ಒಂದು ಆರಿಸಿ ಅಂದರೆ ನಾನು ಅನುಮಾನವಿಲ್ಲದೆ ಇದನ್ನೇ ಆರಿಸುತ್ತೇನೆ.

ಕೊಡುವವರು ಯಾರು

ಇಲ್ಲಿ ನಾಲ್ಕು ದಾರಿಗಳಿವೆ, ಆದರೆ ನಾಲ್ಕಕ್ಕೂ ಒಂದೇ ತೂಕವಿಲ್ಲ.

ಔಷಧ ಅಂಗಡಿ ನಮ್ಮಲ್ಲಿ ಮೊದಲೇ ಇದೆ. ಫ್ರಾನ್ಸ್ 1987ರಲ್ಲಿ ಅಂಗಡಿಗಳ ಮೇಲಿನ ನಿರ್ಬಂಧ ತೆಗೆದು ಸಿರಿಂಜು ಸಿಗುವಂತೆ ಮಾಡಿತು. ನಮ್ಮಲ್ಲಿ ಸಿರಿಂಜಿನ ಬೆಲೆಯೂ ದೊಡ್ಡದಲ್ಲ. ಆದರೆ ಕೌಂಟರ್ ಆಚೆಯವರು ಮೇಲಿಂದ ಕೆಳಗೆ ನೋಡಿ 'ಇಲ್ಲ ಹೋಗು' ಅಂದುಬಿಟ್ಟರೆ ಕಥೆ ಮುಗಿಯಿತು. ಅಂಗಡಿಯಲ್ಲಿ ರಕ್ತ ಪರೀಕ್ಷೆ ಇಲ್ಲ, ಗಾಯಕ್ಕೆ ಪಟ್ಟಿ ಇಲ್ಲ, ಹಳೆ ಸೂಜಿ ಹಾಕುವ ಡಬ್ಬಿಯೂ ಇಲ್ಲ. ರಾತ್ರಿ ಹೊತ್ತಿನ ಪೂರಕ ವ್ಯವಸ್ಥೆಯಾಗಿ ಒಳ್ಳೆಯದು. ಮಷೀನ್‌ನಿಂದ ಸಿರಿಂಜು ಕೊಡುವ ದೇಶಗಳಿವೆ, ಲಾಸ್ ವೇಗಸ್‌ನಲ್ಲಿ 2017ರಲ್ಲಿ ಅಂಥವು ಬಂದವು. ಹೆಸರು ಮುಖ ತೋರಿಸಲು ಹೆದರುವವರಿಗೆ ಅನುಕೂಲ. ನಮ್ಮ ಸದ್ಯದ ಆದ್ಯತೆ ಅದಲ್ಲ.

ಡ್ರಾಪ್-ಇನ್ ಸೆಂಟರ್ ಅಂದರೆ ಬಂದು ಕೂತು, ಸ್ನಾನ ಮಾಡಿ, ಒಂದು ಲೋಟ ಚಹಾ ಕುಡಿದು, ಕೈಯ ಕೀವುಗಡ್ಡೆಗೆ ಪಟ್ಟಿ ಹಾಕಿಸಿಕೊಂಡು ಹೋಗುವ ಜಾಗ. ಕೀವುಗಡ್ಡೆಗೆ ಪಟ್ಟಿ ಕಟ್ಟುವ ನರ್ಸ್ ಇದ್ದರೆ ಜನ ತಾವಾಗೇ ಬರುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಬೈಗುಳ ತಿಂದು ಬಂದವರಿಗೆ ಇಲ್ಲಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಅಷ್ಟಕ್ಕೇ ಮರುದಿನ ಮತ್ತೆ ಬರುತ್ತಾರೆ. ಅಲ್ಲಿಂದ ಎಚ್‌ಐವಿ ಪರೀಕ್ಷೆಗೆ, ಹೆಪಟೈಟಿಸ್ ಚಿಕಿತ್ಸೆಗೆ, ವ್ಯಸನ ಬಿಡುವ ಮಾತಿಗೆ ದಾರಿ ತೆರೆಯುತ್ತದೆ. ಸಿಯಾಟಲ್‌ನಲ್ಲಿ ನಡೆದ ಅಧ್ಯಯನದಲ್ಲಿ, ವಿನಿಮಯ ಕೇಂದ್ರಕ್ಕೆ ಹೊಸದಾಗಿ ಬಂದವರು, ಎಂದೂ ಬಾರದವರಿಗಿಂತ ಐದು ಪಟ್ಟು ಹೆಚ್ಚಾಗಿ ಚಿಕಿತ್ಸೆಗೆ ಸೇರಿದ್ದರು. 'ಸೂಜಿ ಕೊಟ್ಟರೆ ಚಟ ಬೆಳೆಸಿದಂತೆ' ಅನ್ನುವವರು ಈ ಸಂಗತಿಯನ್ನು ಒಂದು ನಿಮಿಷ ಯೋಚಿಸಬೇಕು ಅಂತ ನನ್ನ ಕೋರಿಕೆ.

ಕೇಂದ್ರ ಎಷ್ಟೇ ಚೆನ್ನಾಗಿದ್ದರೂ ಬಾರದವರು ಇದ್ದೇ ಇರುತ್ತಾರೆ. ಅವರಿಗೆ ಪೀರ್ ಎಜುಕೇಟರ್ ಬೇಕು. ಹಿಂದೆ ತಾವೂ ಚುಚ್ಚಿಕೊಂಡಿದ್ದವರು, ಈಗಲೂ ಆ ಬಳಗದ ಗುರುತು ಇರುವವರು, ಬ್ಯಾಗಿನಲ್ಲಿ ಸಿರಿಂಜು, ನೀರು, ಹತ್ತಿ, ಸ್ಪಿರಿಟ್ ಇಟ್ಟುಕೊಂಡು ಹಾಟ್‌ಸ್ಪಾಟ್‌ಗೆ ಹೋಗುತ್ತಾರೆ. ಯಾವ ಪಾಳುಕಟ್ಟಡ, ಯಾವ ಸೇತುವೆ ಕೆಳಗೆ, ಎಷ್ಟು ಗಂಟೆಗೆ ಅನ್ನೋದು ಅವರಿಗೇ ಗೊತ್ತು. ಇಂಫಾಲ್‌ನ ಸಾಸೋ ಸಂಸ್ಥೆಯನ್ನು 1991ರಲ್ಲಿ ಕಟ್ಟಿದ್ದು ಹೀಗೆ ಡ್ರಗ್ಸ್ ಬಿಟ್ಟವರೇ. ಮಣಿಪುರ 1996ರಲ್ಲಿ ತನ್ನದೇ ಏಡ್ಸ್ ನೀತಿ ಮಾಡಿಕೊಂಡು, ಡ್ರಗ್ಸ್ ಬಿಡದವರಿಗೂ ಸೋಂಕಿನ ಅಪಾಯ ತಗ್ಗಿಸುವ ದಾರಿಯನ್ನು ಅಧಿಕೃತವಾಗಿ ಒಪ್ಪಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಈ ದಾರಿ ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಅಶೋದಯ ಸಮಿತಿಯಲ್ಲಿ ಲೈಂಗಿಕ ಕಾರ್ಯಕರ್ತರು ತಾವೇ ಮುಂದೆ ನಿಂತು ಎಚ್‌ಐವಿ ತಡೆಯುವ ಕೆಲಸ ಮಾಡಿದರು. ಅಲ್ಲೂ ಯಶಸ್ಸಿನ ಗುಟ್ಟು ಇದೇ, ತಮ್ಮವರ ಮಾತನ್ನು ಜನ ಕೇಳುತ್ತಾರೆ.

ಒಂದು ಎಚ್ಚರಿಕೆ. ಪೀರ್‌ಗಳು ಬಹುತೇಕ ಗಂಡಸರೇ ಆಗಿಬಿಟ್ಟರೆ ಡ್ರಗ್ಸ್ ಚುಚ್ಚಿಕೊಳ್ಳುವ ಹೆಂಗಸರು ಲೆಕ್ಕಕ್ಕೇ ಸಿಗುವುದಿಲ್ಲ. ಅವರಿಗೆ ಸೂಜಿ ತಂದುಕೊಡುವುದು, ಎಷ್ಟೋ ಸಲ ಚುಚ್ಚುವುದೂ, ಜೊತೆಗಿರುವ ಗಂಡಸೇ. ಅವನು ಬಳಸಿದ ಮೇಲೆ ಇವಳ ಸರದಿ. ಹೆಂಗಸರಿಗೆ ಬೇರೆ ಸಮಯ, ಬೇರೆ ಕೊಠಡಿ, ಹೆಣ್ಣು ಪೀರ್ ಇಲ್ಲದ ಯೋಜನೆಗೆ ನಾನು ಪಾಸ್ ಮಾರ್ಕ್ಸ್ ಕೊಡುವುದಿಲ್ಲ.

ಸೂಜಿ ಬದಲು ಔಷಧ ಕೊಟ್ಟರೆ?

ಓಎಸ್‌ಟಿ ಅಂದರೆ ಹೆರಾಯಿನ್‌ನಂಥ ಡ್ರಗ್ಸ್ ಬದಲು ವೈದ್ಯರ ನಿಗಾದಲ್ಲಿ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಕೊಡುವುದು. ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಹೆಚ್ಚಾಗಿ ಬುಪ್ರೆನಾರ್ಫಿನ್. ನರ್ಸ್ ಎದುರಲ್ಲೇ ಮಾತ್ರೆಯನ್ನು ನಾಲಿಗೆ ಕೆಳಗಿಟ್ಟು ಕರಗಿಸಿಕೊಳ್ಳಬೇಕು. ಮೈನೋವು, ಬೆವರು, ನಿದ್ದೆಯಿಲ್ಲದ ಒದ್ದಾಟ ನಿಲ್ಲುತ್ತದೆ. ಬೆಳಗ್ಗೆ ಎದ್ದ ಕೂಡಲೇ ದುಡ್ಡು ಹುಡುಕುವ ಅವಸರ ಇರುವುದಿಲ್ಲ. ಕೆಲಸಕ್ಕೆ ಹೋಗಬಹುದು. ಎಚ್‌ಐವಿ ತಗುಲುವ ಅಪಾಯ ಇದರಿಂದ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಕಂಡಿದೆ.

ಹಾಗಾದರೆ ಸೂಜಿ ಯಾಕೆ, ಇದೊಂದೇ ಸಾಕಲ್ವಾ? ಅಧಿಕಾರಿಗಳು ಇಷ್ಟಪಡುವ ಪ್ರಶ್ನೆ ಇದು, ಯಾಕೆಂದರೆ ಔಷಧ ಕೊಡುವುದನ್ನು ಸಮರ್ಥಿಸಿಕೊಳ್ಳುವುದು ಸೂಜಿ ಕೊಡುವುದಕ್ಕಿಂತ ಸುಲಭ. ಆದರೆ ದಿನಾ ಕೇಂದ್ರಕ್ಕೆ ಬರಬೇಕು ಅಂದರೆ ದಿನಗೂಲಿಯವರಿಗೆ ಅರ್ಧ ದಿನದ ಕೂಲಿ ಹೋಯಿತು. ಬಸ್ ಚಾರ್ಜ್ ಬೇರೆ. ಹಲವರು ನಡುವೆ ಬಿಟ್ಟುಬಿಡುತ್ತಾರೆ, ಕೆಲವರು ಔಷಧದ ಜೊತೆಗೂ ಆಗಾಗ ಚುಚ್ಚಿಕೊಳ್ಳುತ್ತಾರೆ. ಓಪಿಯಾಯ್ಡ್ ಅಲ್ಲದ, ಅಂದರೆ ಹೆರಾಯಿನ್ ಗುಂಪಿಗೆ ಸೇರದ ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಈ ಔಷಧ ಕೆಲಸವನ್ನೇ ಮಾಡುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ 2017ರಲ್ಲಿ ಬಂದ ಕಾಕ್ರೇನ್ ವಿಮರ್ಶೆ ಉತ್ತರ ಕೊಡುತ್ತದೆ: ಓಎಸ್‌ಟಿ ಒಂದರಿಂದ ಹೆಪಟೈಟಿಸ್ ಸಿ ಅಪಾಯ ಶೇ. 50ರಷ್ಟು ಕಡಿಮೆ, ಅದರ ಜೊತೆ ಸಿರಿಂಜೂ ಧಾರಾಳವಾಗಿ ಸಿಕ್ಕರೆ ಶೇ. 74ರಷ್ಟು ಕಡಿಮೆ. ಇವೆರಡನ್ನು ಎದುರಾಳಿಗಳಂತೆ ಹೋಲಿಸುವುದೇ ತಪ್ಪು. ಒಂದೇ ಬಾಗಿಲಲ್ಲಿ ಎರಡೂ ಸಿಗಬೇಕು.

ಓಎಸ್‌ಟಿಯೊಳಗೂ ಆಯ್ಕೆ ಇದೆ. ಪಂಜಾಬ್ 2017ರಿಂದ ಹೊರರೋಗಿ ಕ್ಲಿನಿಕ್‌ಗಳನ್ನು ತೆರೆಯಿತು. ಕೋವಿಡ್ ಲಾಕ್‌ಡೌನ್‌ನಲ್ಲಿ ಅಲ್ಲಿ ಮಾತ್ರೆಗಳನ್ನು ಮನೆಗೆ ಒಯ್ಯಲು ಬಿಟ್ಟರು. ದಾರಿ ದೂರ ಇರುವ ಹಳ್ಳಿಗಾಡಿಗೆ ಮನೆಗೊಯ್ಯುವ ಅವಕಾಶ ಬೇಕೇ ಬೇಕು. ಮಾತ್ರೆ ಮಾರಾಟವಾಗುವ ಅಪಾಯ ಇದೆ, ಅದಕ್ಕೆ ಹೊಸಬರಿಗೆ ದಿನಾ, ಸ್ಥಿರವಾದವರಿಗೆ ವಾರಕ್ಕೊಮ್ಮೆ ಅಂತ ಬೇರೆ ಮಾಡಬಹುದು.

ಕಣ್ಣೆದುರೇ ಚುಚ್ಚಿಕೊಳ್ಳುವ ಕೊಠಡಿ

ಇದು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 1986ರಲ್ಲಿ ಶುರುವಾದದ್ದು. ಬಳಸುವವರು ತಮ್ಮ ಡ್ರಗ್ಸ್ ತಂದು ನರ್ಸ್ ಇರುವ ಕೊಠಡಿಯಲ್ಲಿ ಚುಚ್ಚಿಕೊಳ್ಳುತ್ತಾರೆ, ಉಸಿರು ನಿಂತರೆ ತಕ್ಷಣ ಉಳಿಸುತ್ತಾರೆ. ವ್ಯಾಂಕೂವರ್‌ನಲ್ಲಿ ಇನ್‌ಸೈಟ್ ಅನ್ನೋ ಇಂಥ ಕೇಂದ್ರ 2003ರಲ್ಲಿ ತೆರೆಯಿತು, ಸುತ್ತಲಿನ ಅರ್ಧ ಕಿಲೋಮೀಟರ್‌ನಲ್ಲಿ ಓವರ್‌ಡೋಸ್ ಸಾವು ಶೇ. 35ರಷ್ಟು ಇಳಿಯಿತು ಎಂದು 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಕೆನಡಾದ ಸುಪ್ರೀಂ ಕೋರ್ಟ್ ಅದನ್ನು ಮುಚ್ಚಬಾರದು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು. ಒಂದೇ ಬೀದಿಯಲ್ಲಿ ಸಾವಿರಾರು ಜನ ಸೇರುವ ನಗರಕ್ಕೆ ಇದು ಹೇಳಿ ಮಾಡಿಸಿದ್ದು. ಚದುರಿಹೋದ ಊರುಗಳಿಗೆ ಅಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಡ್ರಗ್ಸ್ ಸೇವನೆಯೇ ಅಪರಾಧವಾಗಿರುವ ನಮ್ಮಲ್ಲಿ ಸದ್ಯಕ್ಕೆ ಇದಕ್ಕಿಂತ ಮೊದಲು ಮಾಡಬೇಕಾದ್ದು ಬಹಳ ಇದೆ. ಓವರ್‌ಡೋಸ್ ಸಾವು ತಪ್ಪಿಸಲು ನ್ಯಾಲೋಕ್ಸೋನ್ ಔಷಧವನ್ನು ಪೀರ್‌ಗಳ ಬ್ಯಾಗಿಗೆ ಸೇರಿಸುವುದು ಅದರಲ್ಲಿ ಮೊದಲನೆಯದು.

ಏನೂ ಮಾಡದಿರುವುದೂ ಒಂದು ಆಯ್ಕೆ

ಅದರ ಬೆಲೆ ಗೊತ್ತಿರಲಿ. ಎಡಿನ್‌ಬರಾದಲ್ಲಿ 1980ರ ದಶಕದ ಮೊದಲಲ್ಲಿ ಪೊಲೀಸರು ಸಿರಿಂಜು ಕಿತ್ತುಕೊಂಡರು, ಅಂಗಡಿಗಳು ಮಾರುವುದನ್ನು ನಿಲ್ಲಿಸಿದವು. 1986ರ ಹೊತ್ತಿಗೆ ಅಲ್ಲಿ ಪರೀಕ್ಷೆ ಮಾಡಿದ ಬಳಕೆದಾರರಲ್ಲಿ ಅರ್ಧದಷ್ಟು ಜನಕ್ಕೆ ಎಚ್‌ಐವಿ. ಹತ್ತಿರದ ಗ್ಲಾಸ್ಗೋದಲ್ಲಿ ಅದು ತೀರಾ ಕಡಿಮೆ ಇತ್ತು. ಅಮೆರಿಕದ ಇಂಡಿಯಾನಾದಲ್ಲಿ ಸ್ಕಾಟ್ ಕೌಂಟಿಯ ಆಸ್ಟಿನ್ ಅನ್ನೋದು ನಾಲ್ಕು ಸಾವಿರ ಚಿಲ್ಲರೆ ಜನರ ಊರು. ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುತ್ತಿದ್ದವರಲ್ಲಿ 2015ರಲ್ಲಿ ಸೋಂಕು ಸ್ಫೋಟಿಸಿತು, ಸಂಖ್ಯೆ ಇನ್ನೂರು ದಾಟಿತು. ಗವರ್ನರ್ ಮೈಕ್ ಪೆನ್ಸ್ ತುರ್ತುಸ್ಥಿತಿ ಘೋಷಿಸಿ ಸಿರಿಂಜು ವಿನಿಮಯಕ್ಕೆ ಒಪ್ಪಬೇಕಾಯಿತು. ಹೊಸ ಸೋಂಕು ಬೆರಳೆಣಿಕೆಗೆ ಇಳಿದ ಮೇಲೆ, 2021ರಲ್ಲಿ ಕೌಂಟಿಯ ಆಡಳಿತ ಅದನ್ನು ಮುಚ್ಚಲು ಮತ ಹಾಕಿತು.

ಖರ್ಚಿನ ಮಾತು ಬಂದರೆ ಆಸ್ಟ್ರೇಲಿಯಾ ನೋಡಿ. 2000ದಿಂದ 2009ರವರೆಗೆ ಅವರು 24 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಸ್ವಲ್ಪ ಜಾಸ್ತಿ ಸಿರಿಂಜು ಯೋಜನೆಗೆ ಹಾಕಿದರು. ಸುಮಾರು 32,000 ಎಚ್‌ಐವಿ ಸೋಂಕು, 96,000ಕ್ಕೂ ಹೆಚ್ಚು ಹೆಪಟೈಟಿಸ್ ಸಿ ಸೋಂಕು ತಪ್ಪಿತು ಅನ್ನೋದು ಅಲ್ಲಿನ ಅಂದಾಜು. ಹಾಕಿದ ಒಂದು ಡಾಲರ್‌ಗೆ ಚಿಕಿತ್ಸೆಯ ಖರ್ಚಿನಲ್ಲೇ ನಾಲ್ಕು ಡಾಲರ್ ಉಳಿಯಿತು.

ನಿಮ್ಮ ಜಿಲ್ಲೆಗೆ ಯಾವುದು

ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್‌ನಂತೆ ಚುಚ್ಚಿಕೊಳ್ಳುವವರು ಹೆಚ್ಚಿರುವ ಕಡೆ ಬೇಕಾದಷ್ಟು ಸಿರಿಂಜು, ಬಲವಾದ ಪೀರ್ ಜಾಲ, ಓಎಸ್‌ಟಿ ಮೂರೂ ಒಟ್ಟಿಗೆ ಇರಬೇಕು, ಒಂದನ್ನು ಕಡಿಮೆ ಮಾಡಿ ಇನ್ನೊಂದಕ್ಕೆ ಕೊಡಬಾರದು. ಪಂಜಾಬಿನಂಥ ಕಡೆ ಓಎಸ್‌ಟಿ ಮುಂದಿದೆ, ಅಲ್ಲಿ ಸಿರಿಂಜನ್ನು ಅದೇ ವೇಗಕ್ಕೆ ಎಳೆದುಕೊಂಡು ಬರಬೇಕು.

ಕರ್ನಾಟಕದಲ್ಲಿ ಈಶಾನ್ಯ ರಾಜ್ಯಗಳಷ್ಟು ಸಂಖ್ಯೆ ಇಲ್ಲ. ಹಾಗಂತ ಕೈಕಟ್ಟಿ ಕೂರುವಂತಿಲ್ಲ, ಆಸ್ಟಿನ್ ಊರಿನವರೂ ತಮ್ಮಲ್ಲಿ ಏನಿಲ್ಲ ಅಂತಲೇ ಇದ್ದರು. ಇಲ್ಲಿ ದೊಡ್ಡ ಪ್ರತ್ಯೇಕ ಕೇಂದ್ರ ಕಟ್ಟುವ ಬದಲು, ಈಗಾಗಲೇ ಇರುವ ಎಚ್‌ಐವಿ ತಡೆ ಯೋಜನೆಗಳಿಗೆ ಇದನ್ನು ಸೇರಿಸುವುದು ಜಾಣತನ. ವ್ಯಸನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮಲ್ಲೇ ಇದೆ, ಜಿಲ್ಲಾಸ್ಪತ್ರೆಯ ವೈದ್ಯರಿಗೆ ಅಲ್ಲಿಂದ ತರಬೇತಿ ಸಿಗಬೇಕು. ಮಾತ್ರೆ ಪುಡಿ ಮಾಡಿ ಚುಚ್ಚಿಕೊಳ್ಳುವವರು ಇರುವಲ್ಲಿ ಸಿರಿಂಜು ಮಾತ್ರ ಕೊಟ್ಟರೆ ಸಾಲದು. ಮಾತ್ರೆಯಲ್ಲಿರುವ ಕರಗದ ಪುಡಿ ರಕ್ತನಾಳ ಕಟ್ಟಿಸುತ್ತದೆ, ಕೀವು ತರಿಸುತ್ತದೆ. ಸೋಸುವ ಫಿಲ್ಟರ್, ಶುದ್ಧ ನೀರಿನ ಆಂಪೂಲ್ ಜೊತೆಗಿರಬೇಕು.

ಪೊಲೀಸರ ಜೊತೆ ಮೊದಲೇ ಕೂತು ಮಾತಾಡಿ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಂ ಪ್ರಕಾರ, ಸೋಂಕು ತಡೆಯಲು ಮಾಡುವ ಇಂಥ ಕೆಲಸ ಅಪರಾಧವಲ್ಲ. ಠಾಣೆಯ ಕಾನ್‌ಸ್ಟೇಬಲ್‌ಗೆ ಈ ಕಲಂ ಗೊತ್ತಿಲ್ಲದಿದ್ದರೆ ನಿಮ್ಮ ಪೀರ್ ಎಜುಕೇಟರ್ ಬ್ಯಾಗಿನ ಸಮೇತ ಲಾಕಪ್‌ನಲ್ಲಿ ಇರುತ್ತಾರೆ. ಕಲಂನ ಕನ್ನಡ ಪ್ರತಿ, ಗುರುತಿನ ಚೀಟಿ, ಠಾಣಾಧಿಕಾರಿಯ ಸಹಿ ಇರುವ ಪತ್ರ ಮೂರನ್ನೂ ಬ್ಯಾಗಿನಲ್ಲಿಡಿ.

ಸಿರಿಂಜು ಖರೀದಿಗೆ ಮುಂಚೆ ಇನ್ನೊಂದು ಕೆಲಸ. ಊರಿನಲ್ಲಿ ಚುಚ್ಚಿಕೊಳ್ಳುವ ನಾಲ್ಕಾರು ಜನರನ್ನು ಕೂರಿಸಿಕೊಂಡು ಕೇಳಿ: ಏನು ಚುಚ್ಚಿಕೊಳ್ಳುತ್ತೀರಿ, ದಿನಕ್ಕೆ ಎಷ್ಟು ಸಲ, ಒಂದು ಎಂಎಲ್ ಸಾಕಾ ಎರಡು ಬೇಕಾ, ಸೂಜಿ ಎಷ್ಟು ದಪ್ಪ, ಎಷ್ಟು ಗಂಟೆಗೆ ಎಲ್ಲಿ ಸಿಕ್ಕರೆ ಅನುಕೂಲ. ಅವರಿಗೆ ಹೊಂದದ ಸಿರಿಂಜು ತರಿಸಿದರೆ ಅದು ಗೋದಾಮಿನಲ್ಲೇ ಉಳಿಯುತ್ತದೆ, ಹಳೆಯದೇ ಕೈಯಿಂದ ಕೈಗೆ ಹೋಗುತ್ತದೆ. ಅವರು ಹೇಳಿದ ಪಟ್ಟಿ ಕೈಗೆ ಬಂದ ಮೇಲೆ ಟೆಂಡರ್ ಕರೆಯಿರಿ.